ಕಲ್ಲು ಬಿಚ್ಚಿದ ಬಲೆ

ವಿಮಲಾಬಾಯಿ ಮೇಡಂ ಶುಕ್ರವಾರ ಬೆಳಿಗ್ಗೆ ವಾಡಿ ಜಂಕ್ಷನ್ನಿನಲ್ಲಿ ಇಳಿಯುತ್ತಾರೆ ಎಂಬ ಸುದ್ದಿ ನನ್ನ ಮೊಬೈಲಿಗೆ ಬಂದದ್ದು ಸೋಮವಾರ, ಎರಡನೆಯ ವರ್ಷದ ಕ್ಲಾಸಿನ ನಡುವೆ. ಓದಿದೆ. ಬೋರ್ಡಿನ ಕಡೆ ತಿರುಗಿ ಬಹಮನಿ ಸುಲ್ತಾನರ ಇಸವಿಯನ್ನು ತಪ್ಪಾಗಿ ಬರೆದೆ. ಐಶ್ವರ್ಯ ಎಂಬ ಹುಡುಗಿ ಎದ್ದು ನಿಂತು, "ಮೇಡಂ, ಮೊನ್ನೆ ಬ್ಯಾರೆ ಹೇಳಿದ್ರಿ" ಎಂದಳು. "ಮೊನ್ನೆ ಹೇಳಿದ್ದೇ ಖರೆ, ಕುಂದ್ರು" ಎಂದು ಗದರಿಸಿ ಒರೆಸಿದೆ. ಕೈ ತಣ್ಣಗಾಗಿತ್ತು. ಕ್ಲಾಸನ್ನು ಹತ್ತು ನಿಮಿಷ ಮೊದಲೇ ಬಿಟ್ಟೆ.

ನನ್ನ ಹೆಸರು ಅಂಬುಜಾ. ಸೇಡಂನ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಹದಿಮೂರು ವರ್ಷದಿಂದ ಅತಿಥಿ. ಯಾರಾದರೂ ಅಷ್ಟು ದಿನ ನಮ್ಮ ಮನೆಯಲ್ಲಿ ಅತಿಥಿಯಾಗಿ ಉಳಿದಿದ್ದರೆ ನಮ್ಮವ್ವ ಅವರಿಗೆ ಬೇರೆ ಒಲೆ ಹೂಡಿ ಕೊಟ್ಟಿರುತ್ತಿದ್ದಳು. ಕಾಲೇಜು ಮುಗಿದ ಮೇಲೆ ನಾನು ಮಾಡುವ ಕೆಲಸ ಕೇಳಿದರೆ ಜನ ನಗುತ್ತಾರೆ. ಇಂದಿನ ಟರ್ಕಿ ದೇಶದಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದೆ ಹಿಟ್ಟೈಟರೆಂಬ ಜನ ಆಳುತ್ತಿದ್ದರು. ಅವರು ಹಸಿ ಮಣ್ಣಿನ ಹಲಗೆಗಳ ಮೇಲೆ ಬೆಣೆಯಂಥ ಗೀರುಗಳಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದಾರೆ. ಅವರ ನೆರೆಯವರ ಭಾಷೆ ಲೂವಿಯನ್. ಅದನ್ನಾಡುವ ಒಬ್ಬ ಮನುಷ್ಯನೂ ಈಗ ಭೂಮಿಯ ಮೇಲಿಲ್ಲ. ಅದನ್ನು ನಾನು ಓದುತ್ತೇನೆ. "ಅದನ್ನ ಕಲ್ತು ಯಾರ ಜೋಡಿ ಮಾತಾಡ್ತೀರಿ ಮೇಡಂ?" ಎಂದು ನಮ್ಮ ಪ್ರಿನ್ಸಿಪಾಲ ಗುರುಲಿಂಗಯ್ಯನವರು ವರ್ಷಕ್ಕೆ ಎರಡು ಸಲವಾದರೂ ಕೇಳುತ್ತಾರೆ. ಸತ್ತವರ ಜೊತೆ ಸರ್, ಅವರು ನಡುವೆ ಬಾಯಿ ಹಾಕುವುದಿಲ್ಲ ಎಂದು ಒಮ್ಮೆ ಹೇಳಿದ್ದೆ. ಆಮೇಲೆ ಒಂದು ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ.

ನನಗೆ ಈ ಹುಚ್ಚು ಹಿಡಿಸಿದವರು ವಿಮಲಾಬಾಯಿ ಮೇಡಂ. ಶಹಾಬಾದದಲ್ಲಿ ಹುಟ್ಟಿ ನಲವತ್ತು ವರ್ಷ ಪುಣೆಯಲ್ಲಿ ಈ ಭಾಷೆಗಳನ್ನು ಕಲಿಸಿದವರು. ಒಮ್ಮೆ ಕಲಬುರಗಿಯಲ್ಲಿ ಭಾಷಣಕ್ಕೆ ಬಂದಾಗ, ಹಿಟ್ಟೈಟರ ನಾಡಿನಲ್ಲಿ ಅಂಜಿದವರ ಅಂಜಿಕೆಯನ್ನು ಮುದುಕಿಯರು ತೆಗೆಯುತ್ತಿದ್ದರು, ಆ ಕ್ರಮವನ್ನೆಲ್ಲ ಹಲಗೆಗಳಲ್ಲಿ ಬರೆದಿಟ್ಟಿದ್ದಾರೆ ಎಂದರು. ಅದು ನಮ್ಮವ್ವನ ಕೆಲಸ.

ನಾವು ಅಂಬಿಗರು. ಮಳಖೇಡದ ಆಚೆ, ಕಾಗಿಣಾ ಹೊಳೆಯ ದಂಡೆಯ ಹಳ್ಳಿ. ಸೇತುವೆ ಬರುವವರೆಗೆ ನಮ್ಮಪ್ಪ ಕಾಶಪ್ಪ ಹರಿಗೋಲು ಹಾಕುತ್ತಿದ್ದ, ಮೀನು ಹಿಡಿಯುತ್ತಿದ್ದ. ಅವ್ವ ಚಂದಮ್ಮ ಅಂಜಿದವರಿಗೆ ಬಲೆ ಹಾಕುತ್ತಿದ್ದಳು, ಈಗಲೂ ಹಾಕುತ್ತಾಳೆ. ನೀರಿಗೆ ಬಿದ್ದವರು, ಹಾವು ನೋಡಿ ಬೆದರಿದವರು, ಹೆರಿಗೆಗೆ ಹೆದರುವ ಹೆಣ್ಣುಮಕ್ಕಳು, ಎಲ್ಲ ಜಾತಿಯವರೂ ಬರುತ್ತಾರೆ. ಅವರನ್ನು ಕೂರಿಸಿ, ತಲೆಯ ಮೇಲೆ ಬೀಸುಬಲೆ ಹೊದಿಸಿ, ಏನೋ ಅಂದುಕೊಳ್ಳುತ್ತ ಮೆಲ್ಲಗೆ ಕಾಲ ಕಡೆಗೆ ಎಳೆದುಕೊಳ್ಳುತ್ತಾಳೆ. ಆಮೇಲೆ ಆ ಬಲೆಯನ್ನು ಹೊಳೆಯಲ್ಲಿ ಜಾಲಿಸುತ್ತಾಳೆ. ಅಂಜಿಕೆ ನೀರಿಗೆ ಹೋಯಿತು ಎಂದು ಲೆಕ್ಕ.

ಇದಕ್ಕೊಂದು ಕಟ್ಟುಪಾಡಿದೆ. ಒಮ್ಮೆ ಅಂಜಿಕೆ ತೆಗೆಸಿಕೊಂಡವರು ಆ ಬಗ್ಗೆ ಕೇಳಬಾರದು, ಅವರಿಗೆ ಹೇಳಬಾರದು, ಗೂಟಕ್ಕೆ ತೂಗಿಟ್ಟ ಬಲೆ ಇಳಿಯುವಾಗ ಅವರು ಆ ಮನೆಯಲ್ಲಿ ಇರಬಾರದು. ಇದ್ದರೆ ಹೋದ ಅಂಜಿಕೆ ಹೊಳ್ಳಿ ಬರುತ್ತದೆ. ನನಗೆ ಆರು ವರ್ಷವಿದ್ದಾಗ ಅವ್ವ ನನಗೂ ಬಲೆ ಹಾಕಿದ್ದಳು. ನೀನು ನೀರಿಗೆ ಬಿದ್ದು ಅಂಜಿದ್ದಿ ಎಂದಿದ್ದಳು. ಅದೇ ವರ್ಷ ಅಪ್ಪ ಹೊಳೆಪಾಲಾದ. ಆವತ್ತು ನಾನು ಚಿಮ್ಮನಚೋಡದ ಸೋದರಮಾವನ ಮನೆಯಲ್ಲಿದ್ದೆ ಎಂದು ಕೇಳುತ್ತಲೇ ಬೆಳೆದೆ. ಅಲ್ಲಿಂದ ಮುಂದೆ ಯಾರಿಗಾದರೂ ಬಲೆ ಹಾಕುವುದಿದ್ದರೆ ನನ್ನನ್ನು ಪಕ್ಕದ ನೂರಜಹಾನ್ ಚಾಚಿಯ ಮನೆಗೆ ಅಟ್ಟುತ್ತಿದ್ದರು. ಆ ಕೆಲಸ ನಡೆಯುವುದನ್ನು ನಾನು ಕಂಡೇ ಇಲ್ಲ. ಕಂಡದ್ದು ಒಂದೇ ಸಲ, ಅದೂ ಬಲೆಯ ಒಳಗಿನಿಂದ. ಮೀನಿನ ವಾಸನೆ, ಮುಖದ ಮೇಲೆ ಹಸಿ ದಾರ, ಅವ್ವನ ಉಸಿರು. ಬಲೆ ಹಗುರವಾಗಿತ್ತು. ಸಪ್ಪಳವೇ ಇರಲಿಲ್ಲ.

ಈಗ ನನ್ನ ಓದಿನ ವಿಷಯಕ್ಕೆ ಬರುತ್ತೇನೆ. ನಾನು ಓದುವ ಹಲಗೆಗಳಲ್ಲಿ ಒಂದು ಒಡೆದ ತುಂಡಿದೆ. ಅದರಲ್ಲಿ ಮುದುಕಿ ಅಂಜಿದವರ ಮೇಲೆ ಏನನ್ನೋ ಹೊದಿಸುತ್ತಾಳೆ. ಆ 'ಏನನ್ನೋ' ಎಂಬುದಕ್ಕೆ ಒಂದು ಲೂವಿಯನ್ ಶಬ್ದವಿದೆ. ಅದು ಇಡೀ ಭಾಷೆಯಲ್ಲಿ ಬರುವುದು ಆ ಒಂದೇ ಕಡೆ. ಆ ಶಬ್ದವನ್ನು ಇಲ್ಲಿ ಬರೆಯುವುದಿಲ್ಲ, ಬರೆದು ಬರೆದು ನನಗೆ ಸಾಕಾಗಿದೆ. ಬಟ್ಟೆ ಇರಬಹುದು ಎಂದು ಒಬ್ಬ ಪಂಡಿತ, ಹಗ್ಗ ಎಂದು ಇನ್ನೊಬ್ಬ. ಮುಂದಿನ ಸಾಲಿನಲ್ಲಿ ಉಳಿದದ್ದು ಇಷ್ಟೇ: ಕಲ್ಲುಗಳನ್ನು ಬೇರೆ ಇಡುತ್ತಾಳೆ. ಅದನ್ನು ಓದಿದ ದಿನ ನಾನು ಕುಣಿದಿದ್ದೆ. ಬೀಸುಬಲೆ ನೀರಿನಲ್ಲಿ ಮುಳುಗಲಿ ಎಂದು ಅದರ ಅಂಚಿಗೆ ತೂತುಕಲ್ಲುಗಳನ್ನು ಕಟ್ಟಿರುತ್ತಾರೆ. ನನ್ನ ಮೇಲೆ ಹಾಕಿದ ಬಲೆಗೆ ಕಲ್ಲು ಇರಲಿಲ್ಲವಲ್ಲ. ಹಾಗಾದರೆ ಆ ಶಬ್ದದ ಅರ್ಥ ಕಲ್ಲು ಬಿಚ್ಚಿದ ಬಲೆ. ಹತ್ತು ವರ್ಷದ ನನ್ನ ಪಿಎಚ್.ಡಿ. ಪ್ರಬಂಧ ನಿಂತದ್ದು ಆ ಅಧ್ಯಾಯದ ಮೇಲೆ.

ಪರೀಕ್ಷಕರೊಬ್ಬರು ಒಂದೇ ಪ್ರಶ್ನೆ ಕೇಳಿದರು. ನಿಮ್ಮ ಜನ ಹೀಗೆ ಮಾಡುವುದನ್ನು ನೀವು ಎಷ್ಟು ಸಲ ನೋಡಿದ್ದೀರಿ? ನಿಜ ಹೇಳಬೇಕಿತ್ತು. ಅವ್ವನನ್ನು ಕೇಳಿ ಖಾತ್ರಿ ಮಾಡಿಕೊಳ್ಳಬೇಕಿತ್ತು. ಕೇಳುವ ಹಾಗಿಲ್ಲ. ಅಂಜಿಕೆ ಹೊಳ್ಳಿ ಬರುತ್ತದೆ ಎಂಬುದನ್ನು ನಾನು ನಂಬುವುದಿಲ್ಲ, ಆದರೂ ಕೇಳಲು ಬಾಯಿ ಬರಲಿಲ್ಲ. "ಕಣ್ಣಾರೆ ಹತ್ತಾರು ಸಲ ನೋಡಿದ್ದೇನೆ, ಪ್ರತಿ ಸಲವೂ ಕಲ್ಲು ಬಿಚ್ಚಿರುತ್ತಾರೆ" ಎಂದು ಬರೆದು ಕಳಿಸಿದೆ. ನನ್ನ ಗೈಡ್ ಆಗಿದ್ದ ಮೇಡಂ ನನ್ನನ್ನು ನಂಬಿದರು. ಪ್ರಬಂಧಕ್ಕೆ ಕೊನೆಯ ಸಹಿ ಹಾಕುವ ಮೊದಲು ಒಮ್ಮೆ ತಾವೂ ನೋಡಬೇಕೆಂದು ಈಗ ಬರುವವರಿದ್ದರು.

ಆ ನಾಲ್ಕು ದಿನ ನಾನು ಅನುಭವಿಸಿದ್ದು ವೈರಿಗೂ ಬೇಡ. ಊಟ ಸೇರಲಿಲ್ಲ. ಫೋನ್ ಗುಂಯ್ ಎಂದರೆ ನೋಡದೆ ಮಗುಚಿ ಇಡುತ್ತಿದ್ದೆ. ಸುಳ್ಳಿ ಎಂಬ ಹೆಸರು ಒಮ್ಮೆ ಬಂದರೆ ಓದಿನ ಲೋಕದಲ್ಲಿ ಮತ್ತೆ ಯಾರೂ ಹತ್ತಿರ ಸೇರಿಸುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನನ್ನು ಈ ದಾರಿಗೆ ಹಚ್ಚಿದ ಆ ಒಬ್ಬ ಹೆಣ್ಣುಮಗಳ ಮುಖ ನನ್ನ ಸುಳ್ಳು ತಿಳಿದ ಗಳಿಗೆಯಲ್ಲಿ ಹೇಗಾದೀತು ಎಂಬುದೇ ನನ್ನ ಅಂಜಿಕೆ.

ಗುರುವಾರ ಮಧ್ಯಾಹ್ನ ರಜೆ ಹಾಕಿ ಊರಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಲೆ ಒಳಕೋಣೆಯಲ್ಲಿ ಗೂಟಕ್ಕೆ ತೂಗುಹಾಕಿತ್ತು, ಮೇಲೆ ಗೋಣಿಚೀಲ ಮುಚ್ಚಿತ್ತು. ಯಾವಾಗಲೂ ಮುಚ್ಚಿಯೇ ಇರುತ್ತದೆ.

"ಅವ್ವ, ನಾಳಿ ನಮ್ಮ ಮೇಡಂ ಬರ್ತಾರ."

"ಬರ್ಲಿ. ಪುಂಡಿಪಲ್ಯ ಮಾಡ್ತೀನಿ. ತಿಂತಾರಿಲ್ಲ?"

"ತಿಂತಾರ. ಆದ್ರ ಉಣ್ಣಾಕ ಬರಲಿಕತ್ತಿಲ್ಲ. ನೀ ಬಲೆ ಹಾಕೋದು ನೋಡಬೇಕಂತ."

ಹಿಟ್ಟಿನ ಮೇಲಿನ ಅವಳ ಕೈ ನಿಂತಿತು. "ಯಾರು ಹೇಳ್ಯಾರ ಅವರಿಗಿ?"

"ನಾನೇ ಹೇಳೀನಿ."

"ನಿನಗೇನ್ ಗೊತ್ತದಂತ ಹೇಳಿದಿ?"

ಪರೀಕ್ಷಕರು ಕೇಳಿದ್ದೂ ಇದನ್ನೇ. ನಾನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತೆ. "ಅವ್ವ, ಒಂದೇ ಮಾತು ಹೇಳು. ಬಲೆ ಹಾಕುವಾಗ ಕಲ್ಲು..." ಎನ್ನುವಷ್ಟರಲ್ಲಿ ಅವಳ ಹಿಟ್ಟುಗೈ ನನ್ನ ಬಾಯಿ ಮುಚ್ಚಿತ್ತು.

"ಕೇಳಬ್ಯಾಡ ಅಂಬೂ. ನಿನ್ನ ಕಾಲಿಗಿ ಬೀಳ್ತೀನಿ, ಅದೊಂದು ಕೇಳಬ್ಯಾಡ."

ನಮ್ಮವ್ವ ಬೈಯುವವಳು, ಬೇಡುವವಳಲ್ಲ. ಕಾಗಿಣಾ ಮನೆಯ ಹೊಸ್ತಿಲಿಗೆ ಬಂದ ವರ್ಷವೂ ಅವಳು ಕೊಡ ಎತ್ತಿಟ್ಟು ಬೀಡಿ ಹಚ್ಚಿದವಳು. ಅವಳ ಕಣ್ಣಲ್ಲಿ ಅಂಜಿಕೆ ಕಂಡದ್ದು ನನಗೆ ಅದೇ ಮೊದಲು. ನಾನು ಬಾಯಿ ಒರೆಸಿಕೊಂಡೆ. ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿ ಹೇಳಿದಳು: "ಬರ್ಲಿ ಅವ್ರು. ಆದ್ರ ಸುಮ್ಮಸುಮ್ಮನ ಹಾಕಿ ತೋರ್ಸಂಗಿಲ್ಲ. ಅಂಜಿದವರಿದ್ರ ಬಲೆ ಇಳೀತದ, ಇಲ್ಲಂದ್ರ ಇಲ್ಲ." ನನಗೆ ಹೋದ ಜೀವ ಬಂದ ಹಾಗಾಯಿತು. ಅಂಜಿದವರು ಯಾರೂ ಸಿಗುವುದಿಲ್ಲ, ಮೇಡಂ ಊಟ ಮಾಡಿ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಶುಕ್ರವಾರ ವಾಡಿಗೆ ಕಲೀಮನ ಕಾರು ತೆಗೆದುಕೊಂಡು ಹೋದೆ. ಕಲೀಮ್ ನನ್ನ ತಮ್ಮ ಅಂಬರೇಶನ ಗೆಳೆಯ, ಇಬ್ಬರೂ ಸಿಮೆಂಟ್ ಫ್ಯಾಕ್ಟರಿಯಲ್ಲಿ ಒಂದೇ ಪಾಳಿ. ಮೇಡಂ ಗಾಡಿಯಿಂದ ಇಳಿದಾಗ ಗುರುತೇ ಸಿಗಲಿಲ್ಲ, ಅಷ್ಟು ಸೊರಗಿದ್ದರು. ಚಿತ್ತಾಪುರ ದಾಟುವವರೆಗೆ ಕಿಟಕಿಯಿಂದ ತೊಗರಿ ಹೊಲ ನೋಡುತ್ತ ಕೂತವರು ಆಮೇಲೆ ನನ್ನ ಕಡೆ ತಿರುಗಿದರು.

"ಮಾರಿ ಯಾಕ ಹಿಂಗಾಗ್ಯಾದ ಅಂಬುಜಾ? ಆರಾಮ ಇದ್ದಿಲ್ಲ?"

ಹೇಳಲು ಅದೇ ಹೊತ್ತು. ಮುಂದೆ ಕಲೀಮ್, ಹಿಂದೆ ನಾವಿಬ್ಬರೇ, ಇನ್ನೂ ಅರ್ಧ ಗಂಟೆಯ ದಾರಿ. "ನಿದ್ದಿ ಇಲ್ರಿ ಮೇಡಂ" ಎಂದೆ. ಹೇಡಿ ಎಂದು ನನ್ನನ್ನೇ ಬೈದುಕೊಂಡೆ.

ಅವ್ವ ಅವರನ್ನು ಚಾಪೆಯ ಮೇಲೆ ಕೂರಿಸಿ ಚಹಾ ಕೊಟ್ಟಳು. ಅಂಬರೇಶ ಕೆಲಸಕ್ಕೆ ಹೋಗಿದ್ದ. ಮೇಡಂ ಬಂದ ವಿಷಯ ಹೇಳಿದರು. ಅವ್ವ ತಲೆ ಅಲ್ಲಾಡಿಸಿದಳು.

"ತಪ್ಪು ತಿಳಕೋಬ್ಯಾಡ್ರಿ ಬಾಯಿಯವ್ರೆ. ಅಂಜಿದವರಿಲ್ದ ಬಲೆ ಇಳಿಸಂಗಿಲ್ರಿ."

ಮೇಡಂ ಚಹಾದ ಬಸಿಯನ್ನು ಕೆಳಗಿಟ್ಟರು. ಆಮೇಲೆ, "ನಾ ಅಂಜೀನಿ ಚಂದಮ್ಮ" ಎಂದರು. "ಸೋಮವಾರ ಎದಿ ಆಪರೇಷನ್ ಅದ. ಉಳೀತೀನೋ ಇಲ್ಲೋ ಡಾಕ್ಟರಿಗೂ ಗೊತ್ತಿಲ್ಲ. ಮಕ್ಕಳಿಗಿ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಭಾಳ ಅಂಜಿಕಿ ಆಗ್ಯಾದ."

ನನ್ನ ಪ್ರಬಂಧ ಮುಗಿಸಿ ಹೋಗಬೇಕೆಂದು ಅವರು ಆಪರೇಷನ್ನಿಗೆ ಮೂರು ದಿನ ಮುಂಚೆ ರೈಲು ಹತ್ತಿ ಬಂದಿದ್ದರು. ಅವ್ವ ಅವರ ಮುಖವನ್ನೇ ನೋಡಿದಳು. ಖರೆ ಅಂಜಿಕೆ ಯಾವುದು, ತೋರಿಕೆ ಯಾವುದು ಎಂದು ಅವಳಿಗೆ ಯಾರೂ ಕಲಿಸಬೇಕಿಲ್ಲ. "ಒಳಗ ಬರ್ರಿ" ಎಂದು ಎದ್ದಳು. ನನ್ನ ಕಡೆ ತಿರುಗಿ, "ನೀ ನೂರಜಹಾನನ ಮನಿಗಿ ನಡಿ" ಎಂದಳು.

ಅಂಗಳ ದಾಟಿ ನೂರಜಹಾನ್ ಚಾಚಿಯ ಬಾಗಿಲವರೆಗೆ ಹೋದೆ. ಒಳಗೆ ಹೋಗಲಿಲ್ಲ. ನನ್ನ ಹತ್ತು ವರ್ಷ ಆ ಕೋಣೆಯಲ್ಲಿ ಇತ್ಯರ್ಥವಾಗುವಾಗ ಪಕ್ಕದ ಮನೆಯಲ್ಲಿ ಸೇವ್-ಚೂಡಾ ತಿನ್ನುತ್ತ ಕೂರಲು ನಾನೇನು ಆರು ವರ್ಷದವಳೇ? ಹಿತ್ತಲಿನಿಂದ ಬಳಸಿ ಬಂದು ನಮ್ಮ ಒಳಕೋಣೆಯ ಕಿಟಕಿಯ ಕೆಳಗೆ, ಗೋಡೆಗೆ ಬೆನ್ನು ಹಚ್ಚಿ ಕೂತೆ.

ಅವ್ವ ಗೋಣಿಚೀಲ ತೆಗೆದದ್ದು ಕೇಳಿಸಿತು. ಬಲೆ ಗೂಟದಿಂದ ಇಳಿಯಿತು. ಇಳಿಯುತ್ತಿದ್ದಂತೆ ಶಹಾಬಾದಿ ಫರ್ಸಿಕಲ್ಲಿನ ನೆಲಕ್ಕೆ ಕಲ್ಲುಗಳು ತಾಗಿದವು. ಕಟ, ಕಟ, ಕಟಕಟ.

ಕಲ್ಲುಗಳಿದ್ದವು. ಅವುಗಳನ್ನು ಬಿಚ್ಚಿರಲಿಲ್ಲ. ಆ ಅಧ್ಯಾಯ ಸುಳ್ಳು, ಆ ಅರ್ಥ ಸುಳ್ಳು, ನಾನು ಸಹಿ ಮಾಡಿ ಕಳಿಸಿದ ಮಾತು ಸುಳ್ಳು. ಅದು ತಲೆಗೆ ಹೋಗುವಷ್ಟರಲ್ಲಿ ಅವ್ವ ಬಲೆಯನ್ನು ಎಳೆಯತೊಡಗಿದಳು. ಕಲ್ಲುಗಳು ನೆಲದ ಮೇಲೆ ಉರುಳಿ ಉರುಳಿ ಸಪ್ಪಳ ಮಾಡಿದವು. ಪ್ರಬಂಧ ಮರೆತೇ ಹೋಯಿತು. ಆರು ವರ್ಷದವಳಾಗಿ ನಾನು ಹೊಳೆಯ ದಂಡೆಯಲ್ಲಿದ್ದೆ. ಕೆಂಪು ನೀರು. ಬಂಡೆಯ ಮೇಲೆ ನಾಲ್ಕಾರು ಮಂದಿ ಬಲೆ ಎಳೆಯುತ್ತಿದ್ದರು, ಕಲ್ಲುಗಳು ಬಂಡೆಗೆ ಬಡಿದು ಇದೇ ಸಪ್ಪಳ. ಬಲೆಯ ಕಣ್ಣಿನಿಂದ ಒಂದು ಕೈ ಹೊರಗೆ ಬಂದಿತ್ತು. ಆ ಕೈಗೆ ಕರಿದಾರದ ತಾಯತ. ಅದನ್ನು ನಾನು ದಿನಾ ಹಿಡಿದು ಜೋಲಾಡುತ್ತಿದ್ದೆ.

ಕೂಗಿದೆನಂತೆ. ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ನೂರಜಹಾನ್ ಚಾಚಿ ಮುಖಕ್ಕೆ ನೀರು ತಟ್ಟುತ್ತಿದ್ದಳು. ಮೇಡಂ ಕೆದರಿದ ಕೂದಲಲ್ಲಿ, ಭುಜದ ಮೇಲೆ ಬಲೆಯ ಕಲೆಯೊಂದಿಗೆ ಎದುರಿಗೆ ನಿಂತಿದ್ದರು. ನಾನು ಎದ್ದು ಕೂತೆ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಮೇಡಂ, ಕಲ್ಲು ಇದ್ದವಲ್ರಿ?"

"ಇದ್ದವು."

"ನಾ ಸುಳ್ಳು ಬರದೀನ್ರಿ. ಹತ್ತಾರು ಸಲ ಅಂತ ಬರದೀನಿ. ನೋಡಿದ್ದು ಒಂದೇ ಸಲ, ಅದೂ ನನಗೇ ಹಾಕಿದಾಗ."

ಅವರ ಮುಖ ಹೇಗಾದೀತೆಂದು ನಾಲ್ಕು ದಿನ ಅಂಜಿದ್ದೆನೋ, ಹಾಗೆಯೇ ಆಯಿತು. ಬೈಯಲಿಲ್ಲ. ಒಮ್ಮೆ ಕಣ್ಣು ಮುಚ್ಚಿ ತೆರೆದರು. ಆಗ ಅವ್ವ ನಡುವೆ ಬಂದಳು.

"ಆಕಿಗಿ ಹಾಕಿದಾಗ ಕಲ್ಲು ಇರಲಿಲ್ರಿ ಬಾಯಿ. ನಾನೇ ಬಿಚ್ಚಿದ್ದೆ. ಅಪ್ಪನ್ನ ಬಲ್ಯಾಗ ಎಳದು ತಂದಿದ್ದು ನೋಡಿತ್ತು ಕೂಸು. ಅಂಜಿಕಿ ತೆಗೀಬೇಕಂತ ಬಲೆ ಹೊದಿಸಿದ್ರ ಕಲ್ಲಿನ ಸಪ್ಪಳಕ್ಕ ಮೈಯೆಲ್ಲಾ ಸೆಟೆದು ನೀಲಿಗಟ್ಟತಿತ್ತು. ಒಂದೊಂದೇ ಬಿಚ್ಚಿ ತೆಗದಿಟ್ಟೆ. ಹಂಗ ಮಾಡಬಾರದ್ರಿ, ನಮ್ಮತ್ತಿ ಬೈದಿದ್ಲು. ಆಕಿಗೊಬ್ಬಾಕಿಗೇ ಮಾಡೀನಿ. ಮತ್ತ ಯಾರಿಗೂ ಮಾಡಿಲ್ಲ."

ಮೇಡಂ ಅವ್ವನನ್ನು ನೋಡಿದರು. ಆಮೇಲೆ ನನಗೆ ಹೇಳಿದರು: "ಆ ಶಬ್ದನೂ ಒಂದೇ ಸಲ ಬಂದದ. ಅಲ್ಲಿ ಯಾವ ಮುದುಕಿ, ಯಾವ ಕೂಸಿನ ಸಲುವಾಗಿ ಬಿಚ್ಚಿದ್ಲೋ." ಒಂದು ಗಳಿಗೆ ನನಗೆ ಆಸೆ ಹುಟ್ಟಿತು. ಅವರು ಅದನ್ನು ಕಂಡರು. "ಇದು ಪುರಾವೆ ಅಲ್ಲ, ಅಂಬುಜಾ. ಬರೀಲಿಕ್ಕ ಬರಂಗಿಲ್ಲ. ಆ ಅಧ್ಯಾಯ ತೆಗಿ. ನೀ ಬರೆದ ಸುಳ್ಳನ್ನ ನಾ ಪರೀಕ್ಷಕರಿಗಿ ತಿಳಿಸಬೇಕಾಗ್ತದ."

"ತಿಳಿಸ್ರಿ ಮೇಡಂ" ಎಂದೆ. ಡಿಗ್ರಿ ಬರುತ್ತದೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಅವರು ಎರಡು ರೊಟ್ಟಿ ಉಂಡರು, ಅವ್ವನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು, ಸಂಜೆಯ ಗಾಡಿಗೆಂದು ಕಲೀಮನ ಕಾರಿನಲ್ಲಿ ವಾಡಿಗೆ ಹೋದರು. ನನ್ನನ್ನು ಜೊತೆಗೆ ಬಾ ಎನ್ನಲಿಲ್ಲ.

ಮನೆಯಲ್ಲಿ ನಾವಿಬ್ಬರೇ ಉಳಿದೆವು. ಬಿಸಿಲು ಇಳಿದಿತ್ತು. ಬಲೆಯನ್ನು ಇನ್ನೂ ಹೊಳೆಗೆ ಒಯ್ದಿರಲಿಲ್ಲ, ಫರ್ಸಿಯ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಅದನ್ನು ನೋಡಿದರೆ ನನ್ನ ಹಲ್ಲು ಕಟಕಟಿಸುತ್ತಿದ್ದವು. ಕಾಲು ಮಡಚಿ ಗೋಡೆಗೊರಗಿ ಕೂತೆ. ಮೂವತ್ತೈದು ವರ್ಷ ಎಲ್ಲಿತ್ತೋ ಆ ಅಂಜಿಕೆ, ಎಲ್ಲ ಒಟ್ಟಿಗೇ ಬಂದಿತ್ತು.

"ಚಿಮ್ಮನಚೋಡಕ್ಕ ನಾ ಹೋಗಿರಲಿಲ್ಲ ಅಲ್ಲೇನವ್ವ?"

"ಇಲ್ಲ. ದಂಡಿಮ್ಯಾಗೇ ಇದ್ದಿ. ನಿನ್ನ ಕಣ್ಣು ಮುಚ್ಚಬೇಕಂತ ಅನಿಸ್ತು. ಆದ್ರ ನನ್ನ ಎರಡೂ ಕೈಯಾಗ ಬಲೆ ಇತ್ತು."

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಎಳೆದವರಲ್ಲಿ ಅವಳೂ ಇದ್ದಳು.

"ಇದೇ ಬಲೆ ಏನು?"

"ಇದೇ. ನಿನ್ನ ಅಂಜಿಕಿ ತೆಗದಮ್ಯಾಲ ಮತ್ತ ಕಲ್ಲು ಕಟ್ಟಿದೆ. ಮೀನ ಹಿಡೀಬೇಕು, ಹೊಟ್ಟಿ ನಡೀಬೇಕು. ಮಂದಿ ಬರ್ತಾರ, ಅವರಿಗೂ ಹಾಕಬೇಕು."

"ನಿನಗ ಯಾರು ಹಾಕಿದ್ರು ಆವಾಗ?"

"ನನಗ್ಯಾರು ಹಾಕ್ತಾರ ಯವ್ವಾ? ಹಾಕಾಕಿ ನಾನೇ."

"ನಿನಗ ಅಂಜಿಕಿ ಆಗಿರಲಿಲ್ಲೇನು?"

ಅವಳು ಸೆರಗಿನ ತುದಿ ತಿರುವುತ್ತ ಕೂತಳು. "ಪ್ರತಿ ಸಲ ಗೂಟದಿಂದ ಇಳಿಸುವಾಗ ಆಗ್ತದ" ಎಂದಳು. ಮೂವತ್ತೈದು ವರ್ಷದಲ್ಲಿ ಎಷ್ಟು ಮಂದಿ ಬಂದಿದ್ದರು ನಮ್ಮ ಮನೆಗೆ. ಅವರ ಅಂಜಿಕೆ ಹೋಗಲಿ ಎಂದು ಪ್ರತಿ ಸಲವೂ ಈ ಸಪ್ಪಳ ಕೇಳಿದ್ದಾಳೆ. ನನ್ನನ್ನು ಮಾತ್ರ ಪಕ್ಕದ ಮನೆಗೆ ಕಳಿಸಿ ಕಾಪಾಡಿದ್ದಾಳೆ.

ನಾನು ಎದ್ದೆ. ಬಲೆಯನ್ನು ಎರಡೂ ಕೈಯಲ್ಲಿ ಎತ್ತಿದೆ, ಕಲ್ಲು ನೆಲಕ್ಕೆ ತಾಗಿತು. ಇಬ್ಬರೂ ಬೆಚ್ಚಿದೆವು.

"ಕುಂದ್ರು ಅವ್ವ."

"ನಿನಗ ಬರಂಗಿಲ್ಲ."

"ನೀ ಹೇಳಿಕೊಡು."

"ತೆಗಿಸಿಕೊಂಡವರು ಕೇಳಬಾರದು ಅಂಬೂ. ಹೊಳ್ಳಿ ಬರ್ತದ."

"ಬಂದದಲ್ಲವ್ವ. ಇನ್ನೇನು ಬರೋದದ?"

ಅವಳು ನನ್ನನ್ನು ನೋಡಿದಳು. ಸಾವಕಾಶವಾಗಿ ಜರುಗಿ, ಮೇಡಂ ಕೂತಿದ್ದ ಜಾಗದಲ್ಲಿ ಕೂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನಾನು ಬಲೆಯನ್ನು ಬಿಡಿಸಿ ಅವಳ ತಲೆಯ ಮೇಲೆ ಹಿಡಿದೆ. ಹೊದಿಸುವ ಮೊದಲು ಅವಳ ಕೈ ಮೇಲೆ ಬಂದು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ತಣ್ಣಗಿತ್ತು ಆ ಕೈ.

"ಮೊದ್ಲು ಕಲ್ಲು ಬಿಚ್ಚು ಯವ್ವಾ" ಎಂದಳು.